ಮನೆಯಿಂದಲೇ ವಿಶ್ವವಿದ್ಯಾಲಯ ಸೇರಿದವರ ಮೊದಲ ಸಭೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಅಂಕಣಕ್ಕೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿವೆ. ಮುಕ್ತ ವಿಶ್ವವಿದ್ಯಾಲಯಕ್ಕೋ ಆನ್‌ಲೈನ್ ಪದವಿಗೋ ಪ್ರವೇಶ ಪಡೆದು ಶುಲ್ಕ ಕಟ್ಟಿದ ಮೇಲೆ ಮೊಬೈಲಿಗೆ 'ಇಂಡಕ್ಷನ್', 'ಓರಿಯಂಟೇಷನ್' ಎಂಬ ಹೆಸರಿನಲ್ಲಿ ಒಂದು ಸಂದೇಶ ಬರುತ್ತದೆ. ಆನ್‌ಲೈನ್ ಮೂಲಕ ನಡೆಯುವ ಈ ಮೊದಲ ಪರಿಚಯ ಸಭೆಗೆ ಹಾಜರಾಗಬೇಕೇ, ಅಲ್ಲಿ ಏನಿರುತ್ತದೆ, ತಪ್ಪಿದರೆ ಗತಿಯೇನು ಎಂಬುದು ಎಲ್ಲರ ಪ್ರಶ್ನೆ. ಹಲವರು ಹೆಸರು ಪ್ರಕಟಿಸಬಾರದೆಂದು ಕೋರಿರುವುದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಪಿಯುಸಿ ಮುಗಿಸಿ ಮದುವೆಯಾದ ಮೇಲೆ ನನ್ನ ಓದು ನಿಂತಿತ್ತು. ಈ ವರ್ಷ ಮನೆಯವರ ಒಪ್ಪಿಗೆ ಪಡೆದು ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಸೇರಿದ್ದೇನೆ. ಮುಂದಿನ ಭಾನುವಾರ ಬೆಳಿಗ್ಗೆ ಆನ್‌ಲೈನ್ ಇಂಡಕ್ಷನ್ ಇದೆಯೆಂದು ಮೆಸೇಜ್ ಬಂದಿದೆ. ಮಳೆ ಹಿಡಿದರೆ ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಸಿಗ್ನಲ್ ಬೇಕೆಂದರೆ ಕಾಫಿ ಕಣದ ತುದಿಗೆ ಹೋಗಿ ನಿಲ್ಲಬೇಕು. ಹಾಜರಾಗದಿದ್ದರೆ ಪ್ರವೇಶ ರದ್ದಾಗುತ್ತದೆಯೇ? ಬರೀ ಸ್ವಾಗತ ಭಾಷಣವಾದರೆ ಇಷ್ಟೊಂದು ಒದ್ದಾಡಬೇಕೇ? (ಮೂಡಿಗೆರೆ ತಾಲ್ಲೂಕು)

ಉತ್ತರ: ಮೊದಲು ಭಯ ಬಿಡಿ. ಶುಲ್ಕ ಕಟ್ಟಿ, ದಾಖಲೆಗಳ ಪರಿಶೀಲನೆ ಮುಗಿದು, ನೋಂದಣಿ ಸಂಖ್ಯೆ ಬಂದ ಮೇಲೆ ಒಂದು ಪರಿಚಯ ಸಭೆಗೆ ಗೈರಾದ ಮಾತ್ರಕ್ಕೆ ಸಾಮಾನ್ಯವಾಗಿ ಯಾವ ಮುಕ್ತ ವಿಶ್ವವಿದ್ಯಾಲಯವೂ ಪ್ರವೇಶವನ್ನು ರದ್ದು ಮಾಡುವುದಿಲ್ಲ. ಆದರೂ ನೀವು ಹಾಜರಾಗಲೇಬೇಕು ಎಂಬುದು ನನ್ನ ಒತ್ತಾಯ. ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ಸೂಚನಾ ಫಲಕವಿದೆ, ಕಚೇರಿಯ ಗುಮಾಸ್ತರ ಮುಖ ಪರಿಚಯವಿದೆ, ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ನಾಳೆ ಎಂದು ಬಸ್ ಸ್ಟ್ಯಾಂಡಿನಲ್ಲಿ ನೆನಪಿಸುವ ಗೆಳತಿಯಿದ್ದಾಳೆ. ನಿಮಗೆ ಇವು ಯಾವುವೂ ಇಲ್ಲ. ದೂರಶಿಕ್ಷಣದಲ್ಲಿ ಓದು ಬಿಟ್ಟವರನ್ನು ಮಾತನಾಡಿಸಿ ನೋಡಿದರೆ, ಪಾಠ ಕಷ್ಟವಾಯಿತು ಎನ್ನುವವರಿಗಿಂತ ಅಸೈನ್‌ಮೆಂಟ್ ಕೊಡಬೇಕಿತ್ತೆಂದು ಗೊತ್ತಾಗಲಿಲ್ಲ, ಎರಡನೆಯ ವರ್ಷಕ್ಕೆ ಮತ್ತೆ ನೋಂದಣಿ ಮಾಡಿಸಬೇಕೆಂದು ಯಾರೂ ಹೇಳಲಿಲ್ಲ ಎನ್ನುವವರೇ ಹೆಚ್ಚಾಗಿ ಸಿಗುತ್ತಾರೆ. ಆ ಸಂಗತಿಗಳನ್ನೆಲ್ಲ ಒಟ್ಟಿಗೆ ಹೇಳುವ, ಕೇಳಿದರೆ ಉತ್ತರ ಕೊಡುವ ಜನ ಎದುರಿಗೇ ಇರುವ ಸಂದರ್ಭ ಇಡೀ ವರ್ಷದಲ್ಲಿ ಇದೊಂದೇ ಇರಬಹುದು.

ಸಭೆಯ ಮೊದಲ ಭಾಗದಲ್ಲಿ ಸ್ವಾಗತ, ವಿಶ್ವವಿದ್ಯಾಲಯದ ಇತಿಹಾಸ, ಗಣ್ಯರ ಮಾತು ಇರುತ್ತವೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾಯಿತು. ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಆರಂಭವಾಯಿತು. ಇಂಥವು ತಿಳಿದಿದ್ದರೆ ಒಳ್ಳೆಯದೇ, ಆ ಹೊತ್ತಿನಲ್ಲಿ ಸಿಗ್ನಲ್ ಕೈಕೊಟ್ಟರೂ ನಷ್ಟವಿಲ್ಲ. ನಿಮಗೆ ಬೇಕಾದದ್ದು ನಂತರ ಬರುತ್ತದೆ. ಪಠ್ಯಪುಸ್ತಕ ಅಂಚೆಯಲ್ಲಿ ಬರುತ್ತದೆಯೋ ಡಿಜಿಟಲ್ ರೂಪದಲ್ಲೋ, ಅಸೈನ್‌ಮೆಂಟ್ ಯಾವ ತಿಂಗಳೊಳಗೆ ಎಲ್ಲಿಗೆ ತಲುಪಬೇಕು, ಪರೀಕ್ಷಾ ಅರ್ಜಿ ತಾನಾಗಿಯೇ ಹೋಗುತ್ತದೆಯೋ ನಾವೇ ತುಂಬಬೇಕೋ, ಸಂಪರ್ಕ ತರಗತಿಗಳು ಕಡ್ಡಾಯವೋ ಐಚ್ಛಿಕವೋ, ನಿಮ್ಮ ಕಲಿಕಾ ಕೇಂದ್ರ ಯಾವುದು, ಅಲ್ಲಿ ಯಾರನ್ನು ಕೇಳಬೇಕು ಎಂಬುವನ್ನು ಒಂದೊಂದಾಗಿ ಬರೆದುಕೊಳ್ಳಿ. ಇಗ್ನೋದ ಬಹುತೇಕ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70ರ ತೂಕವಿದೆ. ಅಸೈನ್‌ಮೆಂಟನ್ನು ಹಗುರವಾಗಿ ಕಂಡವರು ಪರೀಕ್ಷೆ ಚೆನ್ನಾಗಿ ಬರೆದೂ ಆ ವಿಷಯ ಪೂರ್ಣವಾಗದೆ ಉಳಿಯುತ್ತಾರೆ.

ನಿಮ್ಮ ಪ್ರದೇಶದವರಿಗೆ ಇನ್ನೊಂದು ವಿಶೇಷ ಸಂಗತಿಯಿದೆ. ಇಗ್ನೋದ ಸತ್ರಾಂತ್ಯ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ನಡೆಯುತ್ತವೆ. ಡಿಸೆಂಬರ್ ಎಂದರೆ ಅರೇಬಿಕಾ ಕೊಯ್ಲಿನ ಬಿಸಿ. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಶುರುವಾಗುತ್ತದೆ. ಆಳುಗಳ ಊಟ, ಕಣದ ಕಾವಲು, ಒಣಗಿಸುವುದು, ಎಲ್ಲವೂ ಮನೆಯ ಹೆಂಗಸರ ಮೇಲೆ ಬೀಳುವ ದಿನಗಳವು. ಜೂನ್ ಎಂದರೆ ಮುಂಗಾರು ಹಿಡಿಯುವ, ಘಟ್ಟದ ರಸ್ತೆಯಲ್ಲಿ ಮರ ಬೀಳುವ ಕಾಲ. ಆದ್ದರಿಂದ ಸಭೆಯಲ್ಲಿ ನೀವು ಕೇಳಲೇಬೇಕಾದ ಪ್ರಶ್ನೆ ಇದು: 'ನನ್ನ ಕೋರ್ಸಿನ ಮೊದಲ ಪರೀಕ್ಷೆ ಯಾವ ತಿಂಗಳು ಬರುತ್ತದೆ, ಆ ಸಲ ಬರೆಯಲಾಗದಿದ್ದರೆ ಮುಂದಿನ ಅವಕಾಶ ಯಾವಾಗ, ಎಷ್ಟು ವರ್ಷದೊಳಗೆ ಪದವಿ ಮುಗಿಸಬೇಕು?' ಮುಕ್ತ ವಿಶ್ವವಿದ್ಯಾಲಯಗಳು ಕನಿಷ್ಠ ಅವಧಿಗಿಂತ ಹೆಚ್ಚಿನ ಕಾಲಾವಕಾಶ ಕೊಡುತ್ತವೆ. ಇಗ್ನೋದ 3 ವರ್ಷದ ಬಿ.ಎ. ಮುಗಿಸಲು 6 ವರ್ಷಗಳವರೆಗೆ ಅವಕಾಶವಿರುವುದು ಇದಕ್ಕೆ ಉದಾಹರಣೆ. ಈ ಸಡಿಲಿಕೆ ಇರುವುದೇ ನಿಮ್ಮಂಥವರಿಗಾಗಿ, ಅದನ್ನು ಬಳಸಿಕೊಳ್ಳಲು ಸಂಕೋಚ ಬೇಡ.

ಇನ್ನು ಕರೆಂಟ್ ಮತ್ತು ಸಿಗ್ನಲಿನ ವಿಚಾರ. ಹಿಂದಿನ ದಿನವೇ ಆ ಲಿಂಕ್ ತೆರೆಯಲು ಯಾವ ಆ್ಯಪ್ ಬೇಕೆಂದು ನೋಡಿ ಹಾಕಿಕೊಳ್ಳಿ. ಸಭೆ ಶುರುವಾಗುವ ಹೊತ್ತಿನಲ್ಲಿ ಆ್ಯಪ್ ಡೌನ್‌ಲೋಡ್ ಮಾಡಲು ಕುಳಿತರೆ ಅರ್ಧ ಸಭೆ ಹೋಗಿಬಿಡುತ್ತದೆ. ಒಂದು ಗಂಟೆಯ ವಿಡಿಯೊ ಸಭೆಗೆ ಒಳ್ಳೆಯ ಗುಣಮಟ್ಟದಲ್ಲಿ 1 ಜಿಬಿಯ ಆಸುಪಾಸು ಡೇಟಾ ಖರ್ಚಾಗಬಹುದು. ನಿಮ್ಮ ಕ್ಯಾಮೆರಾ ಆಫ್ ಮಾಡಿ, ಬರುವ ವಿಡಿಯೊದ ಗುಣಮಟ್ಟ ಇಳಿಸಿಕೊಂಡರೆ ಡೇಟಾ ಬಹಳಷ್ಟು ಉಳಿಯುತ್ತದೆ, ಸಿಗ್ನಲ್ ದುರ್ಬಲವಿದ್ದರೂ ಧ್ವನಿಯಾದರೂ ಕಡಿಯದೆ ಬರುತ್ತದೆ. ಸಭೆಯನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುತ್ತಿದ್ದರೆ ವಿಡಿಯೊ ಗುಣಮಟ್ಟದ ಆಯ್ಕೆಯಲ್ಲಿ 144 ಅಥವಾ 240 ಎಂಬ ಅಂಕಿಯನ್ನು ಆರಿಸಿಕೊಳ್ಳಿ. ಕಣದ ತುದಿಯಲ್ಲಿ ಕೊಡೆ ಹಿಡಿದು ನಿಂತು ಬರೆದುಕೊಳ್ಳುವುದು ಆಗದ ಮಾತು. ಬಣಕಲ್, ಕೊಟ್ಟಿಗೆಹಾರ ಅಥವಾ ಮೂಡಿಗೆರೆ ಪೇಟೆಯಲ್ಲಿ ನೆಂಟರ ಮನೆಯಿದ್ದರೆ ಅಂದು ಬೆಳಿಗ್ಗೆ ಅಲ್ಲಿಗೆ ಹೋಗಿ ಕುಳಿತುಕೊಳ್ಳುವುದೇ ಲೇಸು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ಅನೇಕ ಕಡೆ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ವ್ಯವಸ್ಥೆಯಿದೆ. ಭಾನುವಾರ ತೆರೆದಿರುತ್ತದೆಯೇ ಎಂದು ಮೊದಲೇ ಗ್ರಂಥಪಾಲಕರನ್ನು ಕೇಳಿಟ್ಟುಕೊಳ್ಳಿ.

ಸಭೆ ಮುಗಿದ ದಿನವೇ ಮಾಡಬೇಕಾದ ಒಂದು ಕೆಲಸವನ್ನು ಹೇಳಿ ಮುಂದಿನ ಪತ್ರಕ್ಕೆ ಹೋಗುತ್ತೇನೆ. ನಿಮ್ಮ ಅಡುಗೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರ್ ಇದ್ದೇ ಇರುತ್ತದೆ. ಗ್ಯಾಸ್ ಬುಕ್ ಮಾಡಿದ ದಿನ, ಹಾಲಿನ ಲೆಕ್ಕ, ಸ್ವಸಹಾಯ ಸಂಘದ ಕಂತಿನ ದಿನ ಎಲ್ಲವೂ ಅದರ ಚೌಕಗಳಲ್ಲಿ ಪೆನ್ನಿನಿಂದ ಬರೆದಿರುತ್ತವೆ. ಅದೇ ಕ್ಯಾಲೆಂಡರಿನಲ್ಲಿ ಅಸೈನ್‌ಮೆಂಟಿನ ಕೊನೆಯ ದಿನವನ್ನೂ, ಅದಕ್ಕೆ ಹದಿನೈದು ದಿನ ಮುಂಚೆ 'ಬರೆದು ಮುಗಿಸಬೇಕು' ಎಂಬ ದಿನವನ್ನೂ, ಪರೀಕ್ಷಾ ಅರ್ಜಿಯ ತಿಂಗಳನ್ನೂ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಮೊಬೈಲಿನಲ್ಲಿ ಇಟ್ಟ ನೆನಪು ನಿಮ್ಮೊಬ್ಬರಿಗೆ ಮಾತ್ರ ಕಾಣುತ್ತದೆ. ಗೋಡೆಯ ಮೇಲಿನದ್ದು ಅತ್ತೆಯವರಿಗೂ ಮಕ್ಕಳಿಗೂ ಯಜಮಾನರಿಗೂ ಕಾಣುತ್ತದೆ. ಆ ವಾರ ನಿಮಗೆ ಬಿಡುವು ಬೇಕೆಂಬುದನ್ನು ಮನೆಯವರಿಗೆ ಬಾಯಿಬಿಟ್ಟು ಕೇಳುವ ಮುಜುಗರವೂ ಕಡಿಮೆಯಾಗುತ್ತದೆ.

ಪ್ರಶ್ನೆ: ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸದಲ್ಲಿದ್ದೇನೆ. ಆನ್‌ಲೈನ್ ಎಂ.ಕಾಂ.ಗೆ ಸೇರಿದ್ದು, ನೇರ ಸಭೆಯ ಹೊತ್ತಿನಲ್ಲಿ ಡ್ಯೂಟಿಯಲ್ಲಿದ್ದೆ. ಈಗ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ 'ಓರಿಯಂಟೇಷನ್ ಮಾಡ್ಯೂಲ್ ಪೂರ್ಣಗೊಳಿಸಿ' ಎಂದು ತೋರಿಸುತ್ತಿದೆ. ವಿಡಿಯೊಗಳನ್ನೆಲ್ಲ ನೋಡಿದರೂ ಶೇ. 92ಕ್ಕೆ ನಿಂತಿದೆ, ಮುಂದಿನ ಪಾಠ ತೆರೆದುಕೊಳ್ಳುತ್ತಿಲ್ಲ. ಏನು ಮಾಡಲಿ? (ಹಾಸನ)

ಉತ್ತರ: ಇಂಥ ಪೋರ್ಟಲ್‌ಗಳಲ್ಲಿ ವಿಡಿಯೊ ನೋಡುವುದರ ಜೊತೆಗೆ ಸಣ್ಣಪುಟ್ಟ ಕೆಲಸಗಳನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ನಿಯಮಾವಳಿಯ ಪುಟವನ್ನು ತೆರೆದು 'ಓದಿದ್ದೇನೆ' ಎಂದು ಗುರುತು ಹಾಕುವುದು, ಕೊನೆಯಲ್ಲಿ ಐದಾರು ಪ್ರಶ್ನೆಗಳ ರಸಪ್ರಶ್ನೆಗೆ ಉತ್ತರಿಸುವುದು, ಸ್ವವಿವರದಲ್ಲಿ ಭಾವಚಿತ್ರ ಸೇರಿಸುವುದು, ಇವುಗಳಲ್ಲಿ ಒಂದು ಬಾಕಿಯಿದ್ದರೂ ನೂರು ತುಂಬುವುದಿಲ್ಲ. ವಿಡಿಯೊವನ್ನು ಬೆರಳಿನಿಂದ ಮುಂದಕ್ಕೆ ಎಳೆದಿದ್ದರೆ ಕೆಲವು ವ್ಯವಸ್ಥೆಗಳು ಅದನ್ನು ನೋಡಿದಂತೆ ಪರಿಗಣಿಸುವುದಿಲ್ಲ. ಮಾಡ್ಯೂಲಿನ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಯಾವುದರ ಪಕ್ಕದಲ್ಲಿ ಹಸಿರು ಗುರುತು ಇಲ್ಲವೋ ಅದೇ ಬಾಕಿ. ಮೊಬೈಲ್ ಆ್ಯಪಿನಲ್ಲಿ ಬಗೆಹರಿಯದಿದ್ದರೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ತೆರೆದು ನೋಡಿ, ಲಾಗೌಟ್ ಆಗಿ ಮತ್ತೆ ಒಳಗೆ ಹೋಗಿ. ಅದಕ್ಕೂ ಜಗ್ಗದಿದ್ದರೆ ಶೇ. 92 ಎಂದು ತೋರಿಸುವ ಪುಟದ ಸ್ಕ್ರೀನ್‌ಶಾಟ್ ತೆಗೆದು, ನೋಂದಣಿ ಸಂಖ್ಯೆ ಮತ್ತು ದಿನಾಂಕದೊಂದಿಗೆ ಸಹಾಯವಾಣಿಗೆ ದೂರು ದಾಖಲಿಸಿ, ಅವರು ಕೊಡುವ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಹೇಳಿ ಸುಮ್ಮನಾದರೆ ಮುಂದೆ ತೋರಿಸಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ತಪ್ಪಿಹೋದ ನೇರ ಸಭೆಯ ಧ್ವನಿಮುದ್ರಿತ ವಿಡಿಯೊವನ್ನು ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪೋರ್ಟಲ್‌ನಲ್ಲೋ ಯೂಟ್ಯೂಬಿನಲ್ಲೋ ಹಾಕುತ್ತವೆ. ಕೊನೆಯ ಪ್ರಶ್ನೋತ್ತರದ ಭಾಗವನ್ನು ತಪ್ಪದೆ ಕೇಳಿ.

ಆದರೆ ನಿಮ್ಮ ಪತ್ರ ಓದಿ ನನಗೆ ಶೇ. 92ಕ್ಕಿಂತ ಶಿಫ್ಟಿನ ಬಗ್ಗೆಯೇ ಹೆಚ್ಚು ಯೋಚನೆಯಾಯಿತು. ಓರಿಯಂಟೇಷನ್‌ನಲ್ಲಿ 'ಕ್ರೆಡಿಟ್' ಎಂಬ ಮಾತು ಹಲವು ಸಲ ಬಂದಿರುತ್ತದೆ, ಹೆಚ್ಚಿನವರು ಅದನ್ನು ಅಂಕದಂತೆ ಏನೋ ಒಂದು ಎಂದುಕೊಂಡು ಬಿಟ್ಟುಬಿಡುತ್ತಾರೆ. ದೂರಶಿಕ್ಷಣದಲ್ಲಿ 1 ಕ್ರೆಡಿಟ್ ಎಂದರೆ ಸುಮಾರು 30 ಗಂಟೆಗಳ ಕಲಿಕೆ. ಓದುವುದು, ವಿಡಿಯೊ ಪಾಠ ನೋಡುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲವೂ ಅದರಲ್ಲಿ ಸೇರಿದೆ. 4 ಕ್ರೆಡಿಟ್‌ಗಳ ಒಂದು ಪತ್ರಿಕೆಗೆ 120 ಗಂಟೆ ಬೇಕು. ಒಂದು ಸೆಮಿಸ್ಟರಿನಲ್ಲಿ 20 ಕ್ರೆಡಿಟ್ ತೆಗೆದುಕೊಂಡರೆ 600 ಗಂಟೆಯಾಯಿತು. ಅದನ್ನು 25 ವಾರಗಳಿಗೆ ಹಂಚಿದರೆ ವಾರಕ್ಕೆ 24 ಗಂಟೆ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ದಿನಕ್ಕೆ ಮೂರು ಗಂಟೆಗೂ ಮೀರಿದ ಓದು ಸುಲಭವಲ್ಲ, ಅದನ್ನು ಮೊದಲೇ ಒಪ್ಪಿಕೊಂಡು ಯೋಜನೆ ಹಾಕುವುದು ಜಾಣತನ. ಯಾವ ಪಾಳಿಯ ವಾರದಲ್ಲಿ ಎಷ್ಟು ಗಂಟೆ ಸಿಗುತ್ತದೆ ಎಂಬ ಲೆಕ್ಕವನ್ನು ಈಗಲೇ ಕಾಗದದ ಮೇಲೆ ಮಾಡಿ. ಹಗಲು ಪಾಳಿಯ ವಾರ ಹೆಚ್ಚು ಓದಿ, ರಾತ್ರಿ ಪಾಳಿಯ ವಾರ ವಿಡಿಯೊ ಪಾಠಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ಅಷ್ಟು ಸಮಯ ಹೊಂದುವುದೇ ಇಲ್ಲವೆಂದು ಕಂಡುಬಂದರೆ, ಕಡಿಮೆ ಪತ್ರಿಕೆಗಳನ್ನು ತೆಗೆದುಕೊಳ್ಳಲು ಅಥವಾ ಕೆಲವು ಪರೀಕ್ಷೆಗಳನ್ನು ಮುಂದಿನ ಸಲ ಬರೆಯಲು ಅವಕಾಶವಿದೆಯೇ ಎಂದು ಮೊದಲ ತಿಂಗಳಲ್ಲೇ ವಿಚಾರಿಸಿ.

ಪ್ರಶ್ನೆ: ನನ್ನ ಮಗಳು ದೂರಶಿಕ್ಷಣದಲ್ಲಿ ಬಿ.ಕಾಂ. ಸೇರಿದ್ದಾಳೆ. ಅವಳ ವಾಟ್ಸ್‌ಆ್ಯಪ್‌ಗೆ 'ಓರಿಯಂಟೇಷನ್ ಕಿಟ್ ಮತ್ತು ಸರ್ಟಿಫಿಕೇಟಿಗೆ 1,500 ರೂಪಾಯಿ ಕಟ್ಟಿ, ಇಲ್ಲದಿದ್ದರೆ ನೋಂದಣಿ ಪೂರ್ಣವಾಗುವುದಿಲ್ಲ' ಎಂದು ಲಿಂಕ್ ಬಂದಿದೆ. ವಿಶ್ವವಿದ್ಯಾಲಯದ ಲಾಂಛನವೂ ಇದೆ. ಕಟ್ಟಬಹುದೇ? ಡಿಇಬಿ ಐಡಿ, ಎಬಿಸಿ ಐಡಿ ಎಂದೆಲ್ಲ ಕೇಳುತ್ತಿದ್ದಾರೆ, ಅವು ಏನು? (ಅರಸೀಕೆರೆ)

ಉತ್ತರ: ಕಟ್ಟಬೇಡಿ. ಪರಿಚಯ ಸಭೆ ಪ್ರವೇಶದ ಒಂದು ಭಾಗ. ಅದಕ್ಕೆಂದು ವಾಟ್ಸ್‌ಆ್ಯಪ್ ಲಿಂಕಿನಲ್ಲಿ ಬೇರೆ ಹಣ ಕೇಳಿದರೆ ಅದನ್ನು ವಂಚನೆಯೆಂದೇ ಭಾವಿಸಿ. ಲಾಂಛನವನ್ನು ಯಾರು ಬೇಕಾದರೂ ಅಂಟಿಸಬಹುದು. ಯಾವುದೇ ಶುಲ್ಕ ಬಾಕಿಯಿದ್ದರೆ ಅದು ಮಗಳ ವಿದ್ಯಾರ್ಥಿ ಖಾತೆಯಲ್ಲಿ, ವಿಶ್ವವಿದ್ಯಾಲಯದ ಅಧಿಕೃತ ಜಾಲತಾಣಕ್ಕೆ ಲಾಗಿನ್ ಆದಾಗ ಕಾಣಬೇಕು. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಸೈಬರ್ ವಂಚನೆಯಲ್ಲಿ ಮೊದಲ ಕೆಲವು ಗಂಟೆಗಳು ಬಹಳ ಮುಖ್ಯ.

ಐಡಿಗಳ ವಿಚಾರ ಬೇರೆ. ಅವು ನಿಜವಾದವು. ಡಿಇಬಿ ಎಂದರೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ದೂರಶಿಕ್ಷಣ ಬ್ಯೂರೊ. 2024ರಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳಿಗೆ ಸೇರುವವರು ಆ ಬ್ಯೂರೊದ ಜಾಲತಾಣದಲ್ಲಿ ತಮ್ಮ ಡಿಇಬಿ ಐಡಿ ಮಾಡಿಕೊಳ್ಳಬೇಕಾಗಿದೆ, ಅದಕ್ಕೆ ಮೊದಲು ಎಬಿಸಿ ಐಡಿ ಬೇಕು. ಎಬಿಸಿ ಎಂದರೆ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಮಾಡಿಡುವ ಖಾತೆ. 2021ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ 12 ಅಂಕಿಗಳ ಸಂಖ್ಯೆ ಸಿಗುತ್ತದೆ, ಡಿಜಿಲಾಕರ್ ಮೂಲಕ ಮಾಡಿಕೊಳ್ಳಬಹುದು. ಎರಡನ್ನೂ ಮಗಳೇ ತನ್ನ ಮೊಬೈಲ್ ಸಂಖ್ಯೆ ಕೊಟ್ಟು ಮಾಡಿಕೊಳ್ಳಲಿ. ಸೈಬರ್ ಸೆಂಟರಿನವರ ಸಂಖ್ಯೆ ಕೊಟ್ಟು ಮಾಡಿಸಿದರೆ ಮುಂದೆ ಒಟಿಪಿ ಅವರಿಗೇ ಹೋಗುತ್ತದೆ, ಪ್ರತಿ ಸಲವೂ ಅವರ ಅಂಗಡಿಯ ಬಾಗಿಲು ಕಾಯಬೇಕಾಗುತ್ತದೆ.

ಇದರಲ್ಲಿ ನಮ್ಮ ಕಡೆಯವರನ್ನು ಹೆಚ್ಚಾಗಿ ಕಾಡುವುದು ಹೆಸರಿನ ವ್ಯತ್ಯಾಸ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಕೊನೆಗಿರುತ್ತದೆ, ಆಧಾರ್‌ನಲ್ಲಿ ಮುಂದಿರುತ್ತದೆ; ಮದುವೆಯಾದ ಹೆಣ್ಣುಮಕ್ಕಳ ಆಧಾರ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ. ಐಡಿ ಮಾಡುವಾಗ ಇದು ಹೊಂದದೆ ನಿಂತುಹೋದರೆ ಮೊದಲು ಆಧಾರ್ ತಿದ್ದಿಸಬೇಕೋ ಬೇರೆ ದಾರಿಯಿದೆಯೋ ಎಂಬುದನ್ನು ಪರಿಚಯ ಸಭೆಯಲ್ಲೇ ಕೇಳಬೇಕು, ಅಂಕಪಟ್ಟಿ ಬರುವ ಹೊತ್ತಿಗೆ ಕೇಳಿದರೆ ಪ್ರಯೋಜನವಿಲ್ಲ.

ಇನ್ನೊಂದು ಎಚ್ಚರಿಕೆ. ವಿಶ್ವವಿದ್ಯಾಲಯಗಳು ದೂರಶಿಕ್ಷಣವನ್ನು ಖಾಸಗಿಯವರಿಗೆ ಫ್ರಾಂಚೈಸಿ ಕೊಡುವುದನ್ನು ಯುಜಿಸಿ ನಿಷೇಧಿಸಿದೆ. ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮ ಭೌಗೋಳಿಕ ವ್ಯಾಪ್ತಿಯೊಳಗೆ ಮಾತ್ರ ದೂರಶಿಕ್ಷಣ ನಡೆಸಬಹುದು. ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಮುಂತಾದ ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡುವಂತೆಯೇ ಇಲ್ಲ. ಆದ್ದರಿಂದ ಯಾವುದೋ ಟ್ಯುಟೋರಿಯಲ್‌ನವರು 'ನಮ್ಮದೇ ಕೇಂದ್ರ, ಓರಿಯಂಟೇಷನ್ ನಾವೇ ಮಾಡಿಸುತ್ತೇವೆ' ಎಂದರೆ ಆ ವಿಶ್ವವಿದ್ಯಾಲಯ, ಆ ಕೋರ್ಸು, ಈ ವರ್ಷದ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ಡಿಇಬಿ ಜಾಲತಾಣದಲ್ಲಿ ಕಣ್ಣಾರೆ ನೋಡಿಯೇ ಮುಂದುವರಿಯಿರಿ.

ಪ್ರಶ್ನೆ: ಸಭೆಗೆ ಹಾಜರಾದ ಪ್ರಮಾಣಪತ್ರ ಮುಂದೆ ಕೆಲಸಕ್ಕೆ ಬೇಕಾಗುತ್ತದೆಯೇ? (ಕಡೂರು)

ಉತ್ತರ: ಬೇಕಾಗುವುದಿಲ್ಲ. ಕೊಟ್ಟರೆ ಕಡತದಲ್ಲಿಡಿ. ಪ್ರವೇಶ ಪತ್ರ, ಶುಲ್ಕದ ರಸೀದಿ ಮತ್ತು ವಿದ್ಯಾರ್ಥಿ ಗುರುತಿನ ಚೀಟಿ ಅದಕ್ಕಿಂತ ನೂರು ಪಾಲು ಮುಖ್ಯ.

ಪ್ರಶ್ನೆ: ನಾನು ಒಂದರಿಂದ ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಆನ್‌ಲೈನ್ ಪರಿಚಯ ಸಭೆಯಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು. ನನಗೆ ಕೇಳಬೇಕಾದ್ದು ಬಹಳ ಇತ್ತು, ಮೈಕ್ ಆನ್ ಮಾಡಲು ಧೈರ್ಯ ಬರಲಿಲ್ಲ. ಕೊನೆಯವರೆಗೂ ಸುಮ್ಮನೆ ಕುಳಿತಿದ್ದು ಹೊರಗೆ ಬಂದೆ. ಈ ಓದು ನನ್ನಂಥವನಿಗೆ ಅಲ್ಲವೇನೋ ಅನ್ನಿಸುತ್ತಿದೆ. (ಕೊಪ್ಪ ತಾಲ್ಲೂಕು)

ಉತ್ತರ: ತಮ್ಮಾ, ಈ ಓದು ನಿಮ್ಮಂಥವರಿಗಾಗಿಯೇ ಇದೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಮೂಲಕ ಪಾಠ ಕಳಿಸುವ ಶಿಕ್ಷಣವನ್ನು ಆರಂಭಿಸಿದಾಗಿನಿಂದ ಇಂದಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯದವರೆಗೆ, ಊರು ಬಿಟ್ಟು ಕಾಲೇಜಿಗೆ ಹೋಗಲಾಗದ ಕನ್ನಡದ ಮಕ್ಕಳಿಗಾಗಿಯೇ ಈ ವ್ಯವಸ್ಥೆ ಬೆಳೆದುಬಂದಿದೆ. ಅಂಗಡಿಯಲ್ಲಿ ನಿಂತು, ಗದ್ದೆ ತೋಟಗಳಲ್ಲಿ ದುಡಿದು ಪದವಿ ಪಡೆದವರು ನಿಮ್ಮ ಕೊಪ್ಪ, ಶೃಂಗೇರಿಯ ಕಡೆಯಲ್ಲೇ ಎಷ್ಟೋ ಮಂದಿ ಸಿಗುತ್ತಾರೆ. ಸಭೆಯಲ್ಲಿ ಇಂಗ್ಲಿಷಿನಲ್ಲಿ ಮಾತನಾಡಿದವರು ಕೇಳಿದ್ದೂ ಪುಸ್ತಕ ಯಾವಾಗ ಬರುತ್ತದೆ, ಪರೀಕ್ಷೆ ಎಲ್ಲಿ ಎಂಬುದನ್ನೇ ಅಲ್ಲವೇ? ನಿಮ್ಮ ಪ್ರಶ್ನೆಯೂ ಅದೇ, ಅದಕ್ಕೆ ಅಷ್ಟೇ ಬೆಲೆಯಿದೆ.

ಮೈಕ್ ಬೇಡವೆಂದರೆ ಸಭೆಯ ಚಾಟ್ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಟೈಪ್ ಮಾಡಬಹುದು. ರಾಜ್ಯದ ವಿಶ್ವವಿದ್ಯಾಲಯದವರಿಗಂತೂ ಕನ್ನಡದ ಪ್ರಶ್ನೆ ಹೊಸದಲ್ಲ. ಈಗ ಸಭೆ ಮುಗಿದಿರುವುದರಿಂದ ಇಮೇಲ್ ಬರೆಯಿರಿ. ಉದ್ದದ ಪೀಠಿಕೆ ಬೇಡ. 'ಮಾನ್ಯರೇ, ನಾನು ಪ್ರಥಮ ವರ್ಷದ ಬಿ.ಎ. ವಿದ್ಯಾರ್ಥಿ. ನನ್ನ ನೋಂದಣಿ ಸಂಖ್ಯೆ ಹೀಗಿದೆ. ನನ್ನ ಪಠ್ಯಪುಸ್ತಕಗಳು ಇನ್ನೂ ತಲುಪಿಲ್ಲ. ವಿಳಾಸ ಸರಿಯಿದೆಯೇ ಎಂದು ಪರಿಶೀಲಿಸಿ ತಿಳಿಸಬೇಕೆಂದು ಕೋರುತ್ತೇನೆ' ಎಂದು ನಾಲ್ಕು ವಾಕ್ಯ ಬರೆದು, ಕೆಳಗೆ ಮೊಬೈಲ್ ಸಂಖ್ಯೆ ಹಾಕಿದರೆ ಸಾಕು. ಒಂದು ಇಮೇಲಿನಲ್ಲಿ ಒಂದೇ ಪ್ರಶ್ನೆಯಿರಲಿ. ಐದು ಪ್ರಶ್ನೆ ಒಟ್ಟಿಗೆ ಕೇಳಿದರೆ ಒಂದಕ್ಕೆ ಉತ್ತರ ಬಂದು ನಾಲ್ಕು ಉಳಿದುಬಿಡುತ್ತವೆ. ವಾರ ಕಳೆದರೂ ಉತ್ತರ ಬಾರದಿದ್ದರೆ ಅದೇ ಇಮೇಲಿಗೆ ನೆನಪೋಲೆ ಕಳಿಸಿ, ಆಮೇಲೆ ಚಿಕ್ಕಮಗಳೂರಿನ ಪ್ರಾದೇಶಿಕ ಕೇಂದ್ರಕ್ಕೆ ಫೋನ್ ಮಾಡಿ.

ಮಾಧ್ಯಮದ ವಿಷಯವನ್ನು ಮಾತ್ರ ಈಗಲೇ ಖಚಿತಪಡಿಸಿಕೊಳ್ಳಿ. ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಯನ್ನು ಕನ್ನಡ ಮಾಧ್ಯಮದಲ್ಲಿ ಓದಲು ಅವಕಾಶವಿದೆ. ಇಗ್ನೋದ ಹೆಚ್ಚಿನ ಪಾಠಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ಅರ್ಜಿಯಲ್ಲಿ ಸೈಬರ್ ಸೆಂಟರಿನವರು ಯಾವ ಮಾಧ್ಯಮಕ್ಕೆ ಗುರುತು ಹಾಕಿದ್ದಾರೆಂದು ತೆರೆದು ನೋಡಿ. ತಪ್ಪಾಗಿದ್ದರೆ ಬದಲಾವಣೆಗೆ ನಿಗದಿಯಾದ ಅವಧಿಯಿರುತ್ತದೆ, ಅದು ಮುಗಿಯುವ ಮೊದಲು ಅರ್ಜಿ ಕೊಡಬೇಕು. ಬೇರೆ ಯಾವ ಸಂಕೋಚವನ್ನಾದರೂ ಇಟ್ಟುಕೊಳ್ಳಿ, ಈ ಒಂದು ಪ್ರಶ್ನೆಯನ್ನು ಕೇಳದೆ ಇರಬೇಡಿ.

ಪ್ರಶ್ನೆ: ನಾವಿಬ್ಬರು ಗೆಳತಿಯರು, ಇಬ್ಬರೂ ಅಂಗನವಾಡಿ ಕಾರ್ಯಕರ್ತೆಯರು, ಇಗ್ನೋಗೆ ಸೇರಿ ಆನ್‌ಲೈನ್ ಓರಿಯಂಟೇಷನ್ ಮುಗಿಸಿದೆವು. ಎರಡು ಗಂಟೆ ಕೇಳಿದ್ದರಲ್ಲಿ ಅರ್ಧ ತಲೆಯಲ್ಲಿ ಉಳಿದಿಲ್ಲ. ಈಗ ಮೊದಲು ಏನು ಮಾಡಬೇಕು? (ಸಕಲೇಶಪುರ)

ಉತ್ತರ: ಇಬ್ಬರಿರುವುದು ದೊಡ್ಡ ಅನುಕೂಲ. ಒಂದು ಸಂಜೆ ಒಟ್ಟಿಗೆ ಕುಳಿತು, ನಿಮಗೆ ನೆನಪಿರುವುದನ್ನು ನೀವು, ಅವರಿಗೆ ನೆನಪಿರುವುದನ್ನು ಅವರು ಹೇಳಿಕೊಂಡು ಒಂದೇ ನೋಟ್‌ಬುಕ್ಕಿನಲ್ಲಿ ಬರೆದರೆ ಸಭೆಯ ಮುಕ್ಕಾಲು ಭಾಗ ಮರಳಿ ಸಿಗುತ್ತದೆ. ಉಳಿದದ್ದಕ್ಕೆ ಧ್ವನಿಮುದ್ರಿಕೆ ಅಥವಾ ವಿದ್ಯಾರ್ಥಿ ಕೈಪಿಡಿ ನೋಡಿ.

ಆಮೇಲೆ ಇಗ್ನೋದ ಸಮರ್ಥ್ ಪೋರ್ಟಲ್‌ಗೆ ಲಾಗಿನ್ ಆಗಿ ಗುರುತಿನ ಚೀಟಿಯನ್ನು ಇಳಿಸಿಕೊಳ್ಳಿ. ಅದರ ಮೇಲಿನ ಹೆಸರಿನ ಅಕ್ಷರಗಳು, ಹುಟ್ಟಿದ ದಿನಾಂಕ, 10 ಅಂಕಿಗಳ ನೋಂದಣಿ ಸಂಖ್ಯೆ, ಕೋರ್ಸಿನ ಸಂಕೇತ, ಕಲಿಕಾ ಕೇಂದ್ರದ ಹೆಸರು, ಪ್ರತಿಯೊಂದನ್ನೂ ಬೆರಳಿಟ್ಟು ಓದಿ. ಇಲ್ಲಿ ಒಂದಕ್ಷರ ತಪ್ಪಿದ್ದರೆ ಅದೇ ತಪ್ಪು ಹಾಲ್ ಟಿಕೆಟ್‌ಗೂ ಅಂಕಪಟ್ಟಿಗೂ ಪದವಿ ಪ್ರಮಾಣಪತ್ರಕ್ಕೂ ಹೋಗುತ್ತದೆ. ಈಗ ತಿದ್ದಿಸುವುದಕ್ಕೆ ಒಂದು ಅರ್ಜಿ ಸಾಕು, ಆಮೇಲೆ ಅಫಿಡವಿಟ್ ಮಾಡಿಸಬೇಕಾದೀತು. ಆಯ್ಕೆ ಮಾಡಿದ ವಿಷಯಗಳ ಸಂಕೇತಗಳನ್ನೂ ಬರೆದಿಟ್ಟುಕೊಳ್ಳಿ, ಅಸೈನ್‌ಮೆಂಟಿನ ಪ್ರಶ್ನೆಗಳು ಜಾಲತಾಣದಲ್ಲಿ ಆ ಸಂಕೇತದ ಹೆಸರಿನಲ್ಲೇ ಸಿಗುತ್ತವೆ. ನಿಮ್ಮ ನೋಂದಣಿ ಯಾವ ಸತ್ರದ್ದೋ ಆ ಸತ್ರದ ಪ್ರಶ್ನೆಪತ್ರಿಕೆಯನ್ನೇ ಇಳಿಸಿಕೊಳ್ಳಿ. ಹಳೆಯ ವರ್ಷದ ಪ್ರಶ್ನೆಗೆ ಉತ್ತರ ಬರೆದು ಕೊಟ್ಟರೆ ಅಷ್ಟು ಶ್ರಮವೂ ವ್ಯರ್ಥ.

ಪುಸ್ತಕ ಬರುವವರೆಗೆ ಕಾಯಬೇಡಿ. ಇಗ್ನೋದ ಪಾಠಗಳು ಇ-ಜ್ಞಾನಕೋಶ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ಉಚಿತವಾಗಿ ಸಿಗುತ್ತವೆ. ಒಂದು ಘಟಕವನ್ನು ಇಳಿಸಿಕೊಂಡು ಓದಲು ತೊಡಗಿ. ಅಚ್ಚಿನ ಪುಸ್ತಕ ಬೇಡ, ಡಿಜಿಟಲ್ ಸಾಕು ಎಂದು ಅರ್ಜಿಯಲ್ಲಿ ಒಪ್ಪಿಕೊಂಡಿದ್ದರೆ ಪುಸ್ತಕ ಅಂಚೆಯಲ್ಲಿ ಬರುವುದೇ ಇಲ್ಲವೆಂಬುದನ್ನೂ ಗಮನಿಸಿ; ಆ ಆಯ್ಕೆಗೆ ಶುಲ್ಕದಲ್ಲಿ ರಿಯಾಯಿತಿ ಇರುವುದರಿಂದ ಅನೇಕರು ಯೋಚಿಸದೆ ಗುರುತು ಹಾಕಿಬಿಡುತ್ತಾರೆ, ಆಮೇಲೆ ಅಂಚೆಯಣ್ಣನನ್ನು ತಿಂಗಳುಗಟ್ಟಲೆ ಕಾಯುತ್ತಾರೆ.

ಕೊನೆಯದಾಗಿ, ನಿಮ್ಮ ಕಲಿಕಾ ಕೇಂದ್ರಕ್ಕೆ ಒಮ್ಮೆ ಖುದ್ದಾಗಿ ಹೋಗಿ ಬನ್ನಿ. ಮುಂದಿನ ವಾರ ಇಲಾಖೆಯ ಸಭೆಗೋ ತರಬೇತಿಗೋ ಪೇಟೆಗೆ ಹೋಗುವುದಿದ್ದರೆ ಅದೇ ದಿನ ಈ ಕೆಲಸವನ್ನೂ ಮುಗಿಸಬಹುದು. ಕಲಿಕಾ ಕೇಂದ್ರಗಳು ಬಹುಪಾಲು ಬೇರೆ ಕಾಲೇಜಿನ ಕಟ್ಟಡದಲ್ಲಿದ್ದು ವಾರದ ಕೆಲವು ದಿನ, ಕೆಲವು ಹೊತ್ತು ಮಾತ್ರ ತೆರೆದಿರುತ್ತವೆ. ಸಮಯವನ್ನು ಫೋನಿನಲ್ಲಿ ಕೇಳಿಕೊಂಡೇ ಹೊರಡಿ. ಸಂಯೋಜಕರನ್ನು ಭೇಟಿಯಾಗಿ ಹೆಸರು ಹೇಳಿ, ಅಸೈನ್‌ಮೆಂಟನ್ನು ಕೈಯಾರೆ ಕೊಡಬೇಕೋ ಆನ್‌ಲೈನ್‌ನಲ್ಲಿ ಏರಿಸಬೇಕೋ, ಕೈಯಾರೆ ಕೊಟ್ಟರೆ ಸ್ವೀಕೃತಿ ಚೀಟಿ ಕೊಡುತ್ತಾರೆಯೇ ಎಂದು ಕೇಳಿ. ಸ್ವೀಕೃತಿ ಇಲ್ಲದೆ ಅಸೈನ್‌ಮೆಂಟ್ ಒಪ್ಪಿಸಬೇಡಿ, ಒಪ್ಪಿಸುವ ಮುಂಚೆ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಸಂಯೋಜಕರ ವಾಟ್ಸ್‌ಆ್ಯಪ್ ಗುಂಪು ಇದ್ದರೆ ಇಬ್ಬರ ಸಂಖ್ಯೆಯನ್ನೂ ಅದಕ್ಕೆ ಸೇರಿಸುವಂತೆ ಅಂದೇ ಕೋರಿ, ಸೇರಿಸಿದ ಮೇಲೆಯೇ ಅಲ್ಲಿಂದ ಹೊರಡಿ.